ಮೈಕ್ರೋಲೈಟ್ ಹಾರಿಸುವ ಮುನ್ನ: ಯಾವ ಕಾಗದ, ಯಾವ ಸಲಕರಣೆ, ಯಾವುದು ಮೊದಲು?

ಮೈಕ್ರೋಲೈಟ್, ಅಂದರೆ ಒಂದೆರಡು ಸೀಟಿನ ತೀರಾ ಹಗುರ ವಿಮಾನ, ಕೊಂಡವರು ಎಡವುವ ಕಲ್ಲು ಹೆಚ್ಚುಕಮ್ಮಿ ಒಂದೇ. ವಿಮಾನ ಮೊದಲು ಬರುತ್ತದೆ, ಕಾಗದ ಆಮೇಲೆ ನೆನಪಾಗುತ್ತದೆ. ವಿಮೆಗೆ ಹೋದರೆ ಅವರು ಪರ್ಮಿಟ್, ಅಂದರೆ ಹಾರಾಟದ ಅನುಮತಿ ಪತ್ರ, ಕೇಳುತ್ತಾರೆ. ಪರ್ಮಿಟ್‌ಗೆ ಹೋದರೆ ತೂಕದ ವರದಿ ಕೇಳುತ್ತಾರೆ. ತೂಕದ ವರದಿ ಹುಡುಕಿ ತೆಗೆದರೆ ಅದರಲ್ಲಿ ಬರೆದಿರುವ ಎಂಜಿನ್ ಈಗ ವಿಮಾನದಲ್ಲೇ ಇಲ್ಲ! ಅಷ್ಟು ಹೊತ್ತಿಗೆ ಹಾರಲು ಹದವಾದ ತಿಂಗಳುಗಳು ಕಳೆದುಹೋಗಿರುತ್ತವೆ.

ಈ ಕಾಗದಗಳು ಒಂದರ ಹೆಗಲ ಮೇಲೆ ಇನ್ನೊಂದು ನಿಂತಿವೆ. ಎಲ್ಲಕ್ಕಿಂತ ಕೆಳಗೆ ತೂಕ. ತೂಕ ನೋಡಿ ವಿಮಾನದ ವರ್ಗ ತೀರ್ಮಾನವಾಗುತ್ತದೆ, ವರ್ಗ ನೋಡಿ ನೋಂದಣಿ ಮತ್ತು ಪರ್ಮಿಟ್, ಪರ್ಮಿಟ್ ನೋಡಿ ವಿಮೆ. ಕೆಳಗಿನದು ಅಲುಗಿದರೆ ಮೇಲಿನದೆಲ್ಲ ಬೀಳುತ್ತದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಯಾವುದನ್ನೂ ಬಿಡಬೇಡಿ. ನಿಯಮ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಲ್ಲಿ ಕೊಟ್ಟಿರುವ ಅಂಕಿಗಳು ಆಯಾ ದೇಶದ ಉದಾಹರಣೆಗಳು ಅಷ್ಟೇ. ಕೊನೆಯ ಮಾತು ನಿಮ್ಮ ವಿಮಾನಯಾನ ಪ್ರಾಧಿಕಾರದ್ದು.

ಕೈಗೆ ಬೇಕಾದ ಸಾಮಾನು: ಚಕ್ರದ ಕೆಳಗಿಡುವ 3 ತೂಕದ ಯಂತ್ರ, ಉದ್ದದ ಅಳತೆ ಟೇಪು, ಮಟ್ಟ ನೋಡುವ ಸಾಧನ, ಟಾರ್ಚು, ಕ್ಯಾಮೆರಾ ಇರುವ ಫೋನು, ಜಿಪ್ ಇರುವ ಗಟ್ಟಿ ಫೈಲು.

## ಹಂತ 1: ಕಾನೂನಿನ ಲೆಕ್ಕದಲ್ಲಿ ನಿಮ್ಮ ವಿಮಾನ ಯಾವ ವರ್ಗ?

'ಮೈಕ್ರೋಲೈಟ್' ಎಂದು ಮಾರುವವರು ಹೇಳಿದ ಮಾತ್ರಕ್ಕೆ ಅದು ಮೈಕ್ರೋಲೈಟ್ ಆಗುವುದಿಲ್ಲ. ಮೂರು ಅಂಕಿ ನೋಡಿ: ಸೀಟು ಎಷ್ಟು, ಹಾರಾಟದ ಗರಿಷ್ಠ ತೂಕ ಎಷ್ಟು, ಸ್ಟಾಲ್ ವೇಗ ಎಷ್ಟು. ಸ್ಟಾಲ್ ವೇಗ ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ.

ಅಮೆರಿಕದಲ್ಲಿ ಒಂದೇ ಸೀಟು, ಖಾಲಿ ತೂಕ 254 ಪೌಂಡ್‌ಗಿಂತ ಕಮ್ಮಿ, ಅಂದರೆ ಸುಮಾರು 115 ಕೆಜಿ, ಇಂಧನ 5 ಗ್ಯಾಲನ್ ಮೀರದಿದ್ದರೆ ಅದಕ್ಕೆ ಅಲ್ಲಿನ ಹೆಸರು ಅಲ್ಟ್ರಾಲೈಟ್. ನೇರ ಹಾರಾಟದ ವೇಗ 55 ನಾಟ್ (1 ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ), ಸ್ಟಾಲ್ ವೇಗ 24 ನಾಟ್ ದಾಟಬಾರದು. ಇಷ್ಟರೊಳಗೆ ಇದ್ದರೆ ನೋಂದಣಿಯೂ ಬೇಡ, ಪೈಲಟ್ ಲೈಸೆನ್ಸೂ ಬೇಡ. ಎರಡನೇ ಸೀಟು ಹಾಕಿದರೆ ಈ ವಿನಾಯಿತಿ ಪೂರ್ತಿ ಹೋಯಿತು.

ಯುರೋಪಿಯನ್ ಒಕ್ಕೂಟದಲ್ಲಿ ಎರಡು ಸೀಟಿನ ಸಾಮಾನ್ಯ ಮಿತಿ 450 ಕೆಜಿ, ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇದ್ದರೆ 472.5 ಕೆಜಿ. ಸದಸ್ಯ ದೇಶ ಬಯಸಿದರೆ ಅದನ್ನು 600 ಕೆಜಿವರೆಗೆ ಏರಿಸಿಕೊಳ್ಳಬಹುದು. ಬ್ರಿಟನ್ 2021ರಲ್ಲಿ 600 ಕೆಜಿಗೆ ಏರಿಸಿತು, ಸ್ಟಾಲ್ ಮಿತಿ 45 ನಾಟ್.

ಇಲ್ಲಿ ಆಗುವ ತಪ್ಪು ಒಂದೇ. ಮಿತಿ 600 ಆಯಿತು ಎಂದು ಓದಿದವರು ತಮ್ಮ 450 ಕೆಜಿ ವಿಮಾನಕ್ಕೂ ಅಷ್ಟು ಹೇರಬಹುದು ಅಂದುಕೊಳ್ಳುತ್ತಾರೆ. ವರ್ಗದ ಮಿತಿ ಬೇರೆ, ನಿಮ್ಮ ವಿಮಾನದ ಮಿತಿ ಬೇರೆ. ನಿಮ್ಮ ಪರ್ಮಿಟ್‌ನಲ್ಲಿ 450 ಎಂದಿದ್ದರೆ 450ಕ್ಕೇ ನಿಲ್ಲಬೇಕು.

## ಹಂತ 2: ತೂಗಿ, ನಂಬಬೇಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲೇ. ವಿಮಾನ ಕಾರ್ಖಾನೆ ಬಿಟ್ಟ ದಿನದ ತೂಕ ಇವತ್ತಿನ ತೂಕ ಅಲ್ಲ. ರೇಡಿಯೊ ಬಂದಿರುತ್ತದೆ, ದೊಡ್ಡ ಬ್ಯಾಟರಿ ಬಂದಿರುತ್ತದೆ, ಯಾರೋ ಮೆತ್ತನೆಯ ಸೀಟು ಹೊಲಿಸಿರುತ್ತಾರೆ, ಇನ್ಯಾರೋ ಎರಡು ಕೋಟು ಬಣ್ಣ ಬಳಿದಿರುತ್ತಾರೆ. ಒಂದೊಂದೂ ಸಣ್ಣದೇ. ಕೂಡಿಸಿದರೆ ಒಬ್ಬರ ಸಾಮಾನಿನ ಚೀಲದಷ್ಟು ಆಗುತ್ತದೆ.

ತೂಗುವ ಕ್ರಮ ಹೀಗೆ. ಹ್ಯಾಂಗರ್ ಬಾಗಿಲು ಮುಚ್ಚಿ, ಸಣ್ಣ ಗಾಳಿಗೂ ರೆಕ್ಕೆ ಎತ್ತಿಕೊಂಡು ಅಂಕಿ ಕುಣಿಯುತ್ತದೆ. ಬಳಸಬಹುದಾದ ಇಂಧನವೆಲ್ಲ ತೆಗೆಯಿರಿ. ಎಂಜಿನ್ ಆಯಿಲ್ ತುಂಬಿರಲಿ. ಕೈಪಿಡಿ ಹೇಳಿದ ಭಂಗಿಯಲ್ಲಿ ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ. ಮೂರು ಚಕ್ರದ ತೂಕ ಒಂದೇ ಸಲ ಓದಿ, ಕೈಪಿಡಿಯಲ್ಲಿ ಗುರುತು ಮಾಡಿದ ಬಿಂದುವಿನಿಂದ ಪ್ರತಿ ಚಕ್ರದ ದೂರ ಅಳೆಯಿರಿ. ಗುರುತ್ವ ಕೇಂದ್ರ ಎಲ್ಲಿದೆ ಎಂದು ಇದರಿಂದ ಸಿಗುತ್ತದೆ. ಬಟ್ಟೆ ರೆಕ್ಕೆಯ ಫ್ಲೆಕ್ಸ್‌ವಿಂಗ್‌ನಲ್ಲಿ ಈ ಲೆಕ್ಕ ಹೀಗೆ ಬರುವುದಿಲ್ಲ. ಅಲ್ಲಿ ರೆಕ್ಕೆಯನ್ನೂ ಸೇರಿಸಿದ ಒಟ್ಟು ತೂಕ, ಟ್ರೈಕ್ (ರೆಕ್ಕೆಯ ಕೆಳಗೆ ತೂಗುವ, ಸೀಟು ಮತ್ತು ಎಂಜಿನ್ ಇರುವ ಮೂರು ಚಕ್ರದ ಗಾಡಿ) ತೂಗುಬಿದ್ದಿರುವ ಬಿಂದು ಕೈಪಿಡಿ ಹೇಳಿದ ಜಾಗದಲ್ಲಿ ಇದೆಯೇ ಎಂಬುದು, ಇವೆರಡೇ ಮುಖ್ಯ.

ಈಗ ಒಂದು ಲೆಕ್ಕ ಮಾಡೋಣ. ಮಿತಿ 450 ಕೆಜಿ. ಖಾಲಿ ತೂಕ 285. ಬಟ್ಟೆ, ಬೂಟು, ಹೆಲ್ಮೆಟ್ ಸೇರಿ ಇಬ್ಬರಿಗೆ 160. ಒಟ್ಟು 445. ಇಂಧನಕ್ಕೆ ಉಳಿದದ್ದು 5 ಕೆಜಿ. ಒಂದು ಲೀಟರ್ ಪೆಟ್ರೋಲ್ ಸುಮಾರು 0.72 ಕೆಜಿ ತೂಗುತ್ತದೆ, ಅಂದರೆ 7 ಲೀಟರ್. ಈ ವಿಮಾನಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಟ್ಯಾಕ್ಸ್ 912 ಎಂಜಿನ್ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಹಗಲಲ್ಲಿ ಕಣ್ಣಿಗೆ ಕಾಣುವ ಹವೆಯಲ್ಲಿ ಹಾರುವಾಗ ಇಳಿಯುವ ಹೊತ್ತಿಗೆ 30 ನಿಮಿಷದ ಇಂಧನ ಮಿಕ್ಕಿರಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಅಂದರೆ ಈ ವಿಮಾನ ಇಬ್ಬರನ್ನು ಕೂರಿಸಿಕೊಂಡು ಕಾನೂನುಬದ್ಧವಾಗಿ ಹೊರಡುವಂತೆಯೇ ಇಲ್ಲ! ಎರಡು ಸೀಟು ಇದೆ ಎಂದ ಮಾತ್ರಕ್ಕೆ ಇಬ್ಬರು ಹಾರಬಹುದು ಅಂತಲ್ಲ.

ಇನ್ನೊಂದು ಅಂಕಿ ಎಲ್ಲರೂ ಮರೆಯುತ್ತಾರೆ: ಪೈಲಟ್‌ನ ಕನಿಷ್ಠ ತೂಕ. ತುಂಬ ತೆಳ್ಳಗಿರುವವರು ಒಬ್ಬರೇ ಹಾರಿದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುವ ವಿಮಾನಗಳಿವೆ. ಕೈಪಿಡಿಯಲ್ಲಿ ಆ ಸಾಲು ಹುಡುಕಿ.

## ಹಂತ 3: ನೋಂದಣಿ ಮತ್ತು ಮೈಮೇಲಿನ ಗುರುತು

ನೋಂದಣಿ ಪತ್ರ ನಿಮ್ಮ ಹೆಸರಿಗೆ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಆದರೆ ಒಂದು ವಿಷಯ ನೆನಪಿರಲಿ. ಬ್ರಿಟನ್, ಅಮೆರಿಕ ಸೇರಿದಂತೆ ಹಲವು ದೇಶಗಳಲ್ಲಿ ನೋಂದಣಿ ಪತ್ರ ಒಡೆತನದ ದಾಖಲೆ ಅಲ್ಲ. ಒಡೆತನಕ್ಕೆ ಮಾರಾಟದ ಪತ್ರ, ಹಣ ಕೊಟ್ಟ ರಸೀದಿ ಬೇರೆಯೇ ಇಟ್ಟುಕೊಳ್ಳಬೇಕು. ವಿಮಾನದ ಮೇಲೆ ಸಾಲ ಇದೆಯೇ ಎಂದೂ ಈ ಹಂತದಲ್ಲೇ ವಿಚಾರಿಸಿ.

ನೋಂದಣಿ ಅಕ್ಷರ ಭಾರತದಲ್ಲಿ ವಿಟಿ, ಬ್ರಿಟನ್‌ನಲ್ಲಿ ಜಿ, ಅಮೆರಿಕದಲ್ಲಿ ಎನ್ ಎಂದು ಶುರುವಾಗುತ್ತದೆ. ಅಂತರರಾಷ್ಟ್ರೀಯ ಮಾನದಂಡದಂತೆ ರೆಕ್ಕೆಯ ಕೆಳಗೆ ಅಕ್ಷರ ಕನಿಷ್ಠ 50 ಸೆಂಟಿಮೀಟರ್ ಎತ್ತರ, ಪಕ್ಕದಲ್ಲಿ ಅಥವಾ ಬಾಲದ ಮೇಲೆ ಕನಿಷ್ಠ 30 ಇರಬೇಕು. ಪಕ್ಕದಲ್ಲಿ ಅಷ್ಟು ಜಾಗವೇ ಇಲ್ಲದ ಟ್ರೈಕ್‌ಗಳಿಗೆ ಬೇರೆ ಅಳತೆ ಒಪ್ಪುವುದುಂಟು, ಆದರೆ ಅದನ್ನು ಕೇಳಿ ಬರಹದಲ್ಲಿ ಪಡೆಯಿರಿ. ಇದರ ಜತೆಗೆ ಬೆಂಕಿಗೆ ಕರಗದ ಲೋಹದ ಸಣ್ಣ ಫಲಕದಲ್ಲಿ ಅದೇ ಅಕ್ಷರ ಕೆತ್ತಿ ಬಾಗಿಲ ಹತ್ತಿರ ಜಡಿದಿರಬೇಕು. ಸ್ಟಿಕರ್ ಸಾಲದು. ಎಲ್ಲ ಸುಟ್ಟ ಮೇಲೂ ಇದು ಯಾವ ವಿಮಾನ ಎಂದು ಗೊತ್ತಾಗಲಿ ಎಂದೇ ಈ ಫಲಕ.

## ಹಂತ 4: ಪರ್ಮಿಟ್, ಅದರ ವಾರ್ಷಿಕ ಜೀವ

ದೊಡ್ಡ ವಿಮಾನಗಳಿಗೆ ಪೂರ್ಣ ಹಾರಾಟ ಯೋಗ್ಯತಾ ಪತ್ರ ಇರುತ್ತದೆ. ಮೈಕ್ರೋಲೈಟ್‌ಗೆ ಸಾಮಾನ್ಯವಾಗಿ ಅದರ ಬದಲು ಪರ್ಮಿಟ್ ಕೊಡುತ್ತಾರೆ. ಇದು ಎರಡು ಕಾಗದ ಎಂದು ತಿಳಿಯಿರಿ. ಒಂದು ಮೂಲ ಪರ್ಮಿಟ್, ಅದರಲ್ಲಿ ಷರತ್ತುಗಳು ಇರುತ್ತವೆ. ಇನ್ನೊಂದು ಅದು ಈಗ ಊರ್ಜಿತವಾಗಿದೆ ಎಂಬ ಪತ್ರ, ಇದನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಪಾಸಣೆ ಮತ್ತು ಪರೀಕ್ಷಾ ಹಾರಾಟದ ನಂತರ ಕೊಡುತ್ತಾರೆ. ಮೂಲ ಪರ್ಮಿಟ್‌ಗೆ ಕೊನೆಯ ದಿನಾಂಕ ಇರದೇ ಇರಬಹುದು. ಅದನ್ನು ನೋಡಿ 'ಇದಕ್ಕೆ ಅವಧಿಯೇ ಇಲ್ಲ' ಎಂದು ಮೋಸ ಹೋಗುವವರು ತುಂಬ ಜನ.

ಷರತ್ತುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಹಗಲು ಮಾತ್ರ. ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ. ಕಸರತ್ತಿನ ಹಾರಾಟ ಇಲ್ಲ. ಎಂಜಿನ್ ಮತ್ತು ಪ್ರೊಪೆಲ್ಲರ್‌ನ ಮಾದರಿ ಇದೇ. ಕೊನೆಯದ್ದರಲ್ಲೇ ಜನ ಸಿಕ್ಕಿಬೀಳುತ್ತಾರೆ. ಮೂರು ಎಲೆಯ ಪ್ರೊಪೆಲ್ಲರ್ ಚೆನ್ನಾಗಿದೆ ಎಂದು ಯಾರೋ ಹೇಳಿದರು, ಹಾಕಿಸಿಕೊಂಡರು. ಕೆಲಸ ಅಚ್ಚುಕಟ್ಟಾಗಿಯೇ ಇರಬಹುದು, ಆದರೆ ಪರ್ಮಿಟ್‌ನಲ್ಲಿ ಹೇಳಿರುವ ವಿಮಾನ ಇದಲ್ಲ. ರೆಕ್ಕೆಯ ಕಂಬಕ್ಕೆ ಕ್ಯಾಮೆರಾ ಕಟ್ಟುವುದಕ್ಕೂ ಇದೇ ಮಾತು. ಮೊದಲು ಒಪ್ಪಿಗೆ, ಆಮೇಲೆ ಸ್ಪ್ಯಾನರ್.

ಲಾಗ್‌ಬುಕ್, ಅಂದರೆ ಹಾರಿದ ಗಂಟೆ ಮತ್ತು ಮಾಡಿದ ಕೆಲಸ ಬರೆದಿಡುವ ಪುಸ್ತಕ, ಸಾಮಾನ್ಯವಾಗಿ ವಿಮಾನದ ಮೈಗೆ ಒಂದು, ಎಂಜಿನ್‌ಗೆ ಒಂದು. ಪ್ರೊಪೆಲ್ಲರ್‌ಗೂ ಬೇಕೇ ಎಂದು ಕೇಳಿ. ಸಹಿ ಇಲ್ಲದ ಕೆಲಸ ಮಾಡದ ಕೆಲಸಕ್ಕೆ ಸಮ. ಗಂಟೆಯ ಲೆಕ್ಕದ ಜತೆ ವರ್ಷದ ಲೆಕ್ಕವನ್ನೂ ನೋಡಿ: ರೋಟ್ಯಾಕ್ಸ್ 912ರ ರಬ್ಬರ್ ಪೈಪುಗಳನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ವಿಮಾನ ಒಂದು ಗಂಟೆಯೂ ಹಾರದಿದ್ದರೂ.

## ಹಂತ 5: ಕಾಕ್‌ಪಿಟ್ಟಿನಲ್ಲಿ ಇರಲೇಬೇಕಾದ್ದು

ಹಗಲಿನ ದೃಷ್ಟಿ ಹಾರಾಟಕ್ಕೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ನಾಲ್ಕು: ದಿಕ್ಸೂಚಿ, ಸರಿಯಾದ ಸಮಯ ತೋರಿಸುವ ಗಡಿಯಾರ, ಎತ್ತರ ಮಾಪಕ, ಗಾಳಿವೇಗ ಮಾಪಕ. ಕೈಗಡಿಯಾರ ನಡೆಯುತ್ತದೆ. ಜಿಪಿಎಸ್ ಇದೆ ಎಂದು ದಿಕ್ಸೂಚಿ ಕಿತ್ತುಹಾಕುವ ಹಾಗಿಲ್ಲ. ಪ್ರತಿ ಸೀಟಿಗೆ ಬೆಲ್ಟ್ ಬೇಕು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮತ್ತು ಬೆಂಕಿ ಆರಿಸುವ ಸಾಧನಕ್ಕೆ ಮೈಕ್ರೋಲೈಟ್‌ಗಳಿಗೆ ವಿನಾಯಿತಿ ಕೊಡುವ ದೇಶಗಳೂ ಇವೆ.

ಸಾಧನ ಇದ್ದರೆ ಸಾಲದು, ಸರಿ ತೋರಿಸಬೇಕು. ಇಲ್ಲಿ ನೋಡಬೇಕಾದ ಮೂರು ವಿಷಯ.

ಮೊದಲನೆಯದು ವೇಗದ ಘಟಕ. ಕೈಪಿಡಿ ನಾಟ್‌ನಲ್ಲಿ, ಡಯಲ್ ಗಂಟೆಗೆ ಮೈಲಿಯಲ್ಲಿ ಇರುವ ವಿಮಾನಗಳು ಸಿಗುತ್ತವೆ. ಡಯಲ್ 45 ತೋರಿಸಿದರೆ ನಿಜವಾಗಿ ಅದು ಸುಮಾರು 39 ನಾಟ್. ಇಳಿಯುವಾಗ ಇಷ್ಟು ವ್ಯತ್ಯಾಸ ಸಾಕು, ರೆಕ್ಕೆ ಕೈಬಿಡಲು. ಹಸಿರು, ಹಳದಿ, ಕೆಂಪು ಗುರುತುಗಳು ಕೈಪಿಡಿಯ ಅಂಕಿಗೆ ಹೊಂದುತ್ತವೆಯೇ ನೋಡಿ.

ಎರಡನೆಯದು ಗಾಳಿವೇಗ ಮಾಪಕಕ್ಕೆ ಗಾಳಿ ಒಳಬರುವ ಕೊಳವೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ನಿಲ್ಲಿಸಿದಾಗ ಮುಚ್ಚಳ ಹಾಕಿ, ಮುಚ್ಚಳಕ್ಕೆ ಕೆಂಪು ಪಟ್ಟಿ ಕಟ್ಟಿ. ಹೊರಡುವಾಗ ಅದನ್ನು ತೆಗೆಯುವುದು ಮರೆಯುವವರೂ ಇದ್ದಾರೆ, ಅದಕ್ಕೆ ಪಟ್ಟಿ.

ಮೂರನೆಯದು ದಿಕ್ಸೂಚಿ. ಪಕ್ಕದಲ್ಲಿ ಫೋನು, ಹೆಡ್‌ಸೆಟ್ ಇಟ್ಟರೆ ಸೂಜಿ ಅತ್ತ ತಿರುಗುತ್ತದೆ. ವ್ಯತ್ಯಾಸ ಬರೆದ ಚೀಟಿ ಅದರ ಹತ್ತಿರವೇ ಅಂಟಿಸಿರಬೇಕು.

ಫಲಕದ ಮೇಲಿನ ಬರಹಗಳೂ ಕಾನೂನಿನ ಭಾಗ. ವೇಗದ ಮಿತಿ, ತೂಕದ ಮಿತಿ, ಇಂಧನದ ಬಗೆ, ಈ ವಿಮಾನ ಅಂತರರಾಷ್ಟ್ರೀಯ ಮಾನದಂಡದಂತೆ ಪ್ರಮಾಣಿತವಲ್ಲ ಎಂದು ಕೂರುವವರಿಗೆ ಹೇಳುವ ಎಚ್ಚರಿಕೆ. ಬಣ್ಣ ಬಳಿಯುವಾಗ ಕಿತ್ತವು ಮತ್ತೆ ಅಂಟುವುದೇ ಇಲ್ಲ. ತಪಾಸಣೆಯಲ್ಲಿ ಸುಲಭವಾಗಿ ತಪ್ಪಿಸಬಹುದಾದ ಸೋಲು ಇದು.

ಪ್ಯಾರಾಶೂಟ್ ಕೆಲವು ಕಡೆ ಇಷ್ಟ, ಕೆಲವು ಕಡೆ ಕಡ್ಡಾಯ. ಜರ್ಮನಿಯಲ್ಲಿ ಸ್ಥಿರ ರೆಕ್ಕೆಯ ಅಲ್ಟ್ರಾಲೈಟ್‌ಗಳಿಗೆ ಅದು ಬೇಕೇ ಬೇಕು. ಅದರಲ್ಲಿ ರಾಕೆಟ್ ಇರುತ್ತದೆ ಎಂಬುದು ನೆನಪಿರಲಿ. ಬಟ್ಟೆಯನ್ನು ಮತ್ತೆ ಮಡಿಸುವ ದಿನಾಂಕ ಬೇರೆ, ರಾಕೆಟ್ ಬದಲಿಸುವ ದಿನಾಂಕ ಬೇರೆ. ಎರಡನ್ನೂ ಬರೆದಿಡಿ. ರಾಕೆಟ್ ಹೊರಬರುವ ಜಾಗದಲ್ಲಿ ಎಚ್ಚರಿಕೆ ಗುರುತು ಹೊರಗಿನಿಂದ ಕಾಣಬೇಕು, ರಕ್ಷಣೆಗೆ ಬಂದವರು ಗೊತ್ತಿಲ್ಲದೆ ಅಲ್ಲೇ ಗರಗಸ ಹಾಕಬಾರದು.

## ಹಂತ 6: ರೇಡಿಯೊ, ಟ್ರಾನ್ಸ್‌ಪಾಂಡರ್, ಬೀಕನ್

ರೇಡಿಯೊಗೆ ಮೂರು ಬೇರೆ ಬೇರೆ ಒಪ್ಪಿಗೆ ಇವೆ. ಯಂತ್ರದ ಮಾದರಿಗೆ, ವಿಮಾನದಲ್ಲಿ ಅದನ್ನು ಇಡಲು, ಮಾತಾಡುವ ನಿಮಗೆ. ಒಂದು ಸಿಕ್ಕಿತು ಎಂದರೆ ಉಳಿದವು ತಾನಾಗಿ ಬರುವುದಿಲ್ಲ. ಎರಡನೆಯದನ್ನು ಕೊಡುವವರು ವಿಮಾನಯಾನದವರೇ ಆಗಿರಬೇಕಿಲ್ಲ. ಭಾರತದಲ್ಲಿ ಅದು ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗವಾದ ಡಬ್ಲ್ಯುಪಿಸಿ, ಬ್ರಿಟನ್‌ನಲ್ಲಿ ಸಂವಹನ ನಿಯಂತ್ರಕ ಸಂಸ್ಥೆ ಆಫ್‌ಕಾಮ್. ಕೈಯಲ್ಲಿ ಹಿಡಿಯುವ ರೇಡಿಯೊ ಆದರೆ ಏನೂ ಬೇಡ ಎಂಬುದು ಸುಮ್ನೆ ಹಬ್ಬಿದ ಮಾತು. ಯುರೋಪಿನಲ್ಲಿ ಹಾರುವುದಾದರೆ ರೇಡಿಯೊ ಚಾನೆಲ್‌ಗಳ ನಡುವೆ 8.33 ಕಿಲೋಹರ್ಟ್ಸ್ ಅಂತರದ್ದು ಇರಬೇಕು, ಹಳೆಯ 25ರದ್ದು ಸಾಲದು.

ಟ್ರಾನ್ಸ್‌ಪಾಂಡರ್, ಅಂದರೆ ರಾಡಾರ್ ಕೇಳಿದಾಗ ವಿಮಾನದ ಗುರುತು ಹೇಳುವ ಯಂತ್ರ, ಎಲ್ಲ ಕಡೆ ಬೇಕಿಲ್ಲ, ಕೆಲವು ವಾಯುಪ್ರದೇಶಗಳಿಗೆ ಮಾತ್ರ. ಆದರೆ ಇದ್ದರೆ ಒಂದು ಗುಟ್ಟಿನ ತೊಂದರೆ ಇದೆ. ಮೋಡ್ ಎಸ್ ಎಂಬ ಬಗೆಯ ಯಂತ್ರದೊಳಗಿನ 24 ಬಿಟ್ ವಿಳಾಸ ಆ ವಿಮಾನದ ನೋಂದಣಿಗೆ ಅಂಟಿಕೊಂಡದ್ದು. ಬೇರೆ ದೇಶದಿಂದ ತಂದ ವಿಮಾನದ ಅಕ್ಷರ ಬದಲಿಸಿ ವಿಳಾಸ ಹಾಗೇ ಬಿಟ್ಟರೆ ರಾಡಾರ್‌ನಲ್ಲಿ ನೀವು ಇನ್ನೂ ಹಳೆಯ ವಿಮಾನವೇ.

ಅಪಾಯದಲ್ಲಿ ನೆರವಿಗೆ ಸಂಕೇತ ಕಳಿಸುವ ಬೀಕನ್ 406 ಮೆಗಾಹರ್ಟ್ಸ್‌ನದ್ದು ಇರಲಿ. ಹಳೆಯ 121.5ರ ಕೂಗನ್ನು ಉಪಗ್ರಹಗಳು ಕೇಳುವುದು 2009ರ ಫೆಬ್ರುವರಿ 1ರಂದೇ ನಿಂತಿತು. ಅದನ್ನು ಈಗ ಹತ್ತಿರ ಬಂದ ರಕ್ಷಣಾ ತಂಡಕ್ಕೆ ದಾರಿ ತೋರಿಸಲು ಮಾತ್ರ ನೆಚ್ಚಬಹುದು. ಕೊಂಡ ಬೀಕನ್ ನಿಮ್ಮ ಹೆಸರಲ್ಲಿ ನೋಂದಣಿ ಆಗಿರಬೇಕು. ಆಗದಿದ್ದರೆ ರಕ್ಷಣೆಯವರು ಫೋನ್ ಮಾಡುವುದು ಹಳೆಯ ಮಾಲೀಕರಿಗೆ. ಬ್ಯಾಟರಿಯ ಕೊನೆಯ ದಿನಾಂಕವನ್ನು ಹೊರಗೇ ಬರೆದಿರುತ್ತಾರೆ, ನೋಡಿ.

## ಹಂತ 7: ಇನ್ನು ನಿಮ್ಮ ಕಾಗದ

ಲೈಸೆನ್ಸ್, ಅದರಲ್ಲಿ ಸರಿಯಾದ ವರ್ಗ, ಆರೋಗ್ಯದ ಪತ್ರ, ಇತ್ತೀಚಿನ ಅನುಭವ. ನಾಲ್ಕೂ ಒಂದೇ ದಿನ ಜೀವಂತ ಇರಬೇಕು. ಲೈಸೆನ್ಸ್ ಜೀವನಪರ್ಯಂತ ಇರಬಹುದು, ಅದರೊಳಗಿನ ವರ್ಗಕ್ಕೆ ಎರಡು ವರ್ಷ ಮಾತ್ರ ಆಯಸ್ಸು ಇರಬಹುದು. ಪ್ರಯಾಣಿಕರನ್ನು ಕೂರಿಸುವ ಮುಂಚೆ ಹಿಂದಿನ 90 ದಿನಗಳಲ್ಲಿ 3 ಸಲ ಏರಿ ಇಳಿದಿರಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಮಳೆ ಮುಗಿದ ಮೇಲೆ ಮೊದಲ ಹಾರಾಟಕ್ಕೇ ಗೆಳೆಯರನ್ನು ಕರೆದುಕೊಂಡು ಹೋಗುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕಡ್ಡಿ ಹಿಡಿಯುವ ವಿಮಾನದಿಂದ ಫ್ಲೆಕ್ಸ್‌ವಿಂಗ್‌ಗೆ ಹೋಗುವವರಿಗೆ ಪ್ರತ್ಯೇಕ ತರಬೇತಿ ಬೇಕು. ಇದು ಬರೀ ಕಾಗದದ ಮಾತಲ್ಲ. ಒಂದರಲ್ಲಿ ಕಡ್ಡಿ ಮುಂದಕ್ಕೆ ತಳ್ಳಿದರೆ ಮೂತಿ ಕೆಳಗೆ. ಇನ್ನೊಂದರಲ್ಲಿ ಬಾರ್ ಮುಂದಕ್ಕೆ ತಳ್ಳಿದರೆ ಮೂತಿ ಮೇಲೆ. ಗಾಬರಿಯಾದಾಗ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ, ಅಲ್ವಾ?

## ಹಂತ 8: ವಿಮೆ

ಪಾಲಿಸಿಯಲ್ಲಿ ಇರುವ ತೂಕ, ಅಕ್ಷರ, ಪೈಲಟ್‌ಗಳ ಹೆಸರು, ಹಾರಾಟದ ಉದ್ದೇಶ ಈ ನಾಲ್ಕನ್ನು ಮೇಲಿನ ಕಾಗದಗಳ ಜತೆ ಪಕ್ಕಪಕ್ಕ ಇಟ್ಟು ಓದಿ. ಪರ್ಮಿಟ್ ಅವಧಿ ಮುಗಿದ ಮಾರನೇ ದಿನವೂ ವಿಮೆಯ ಹಣ ಕಟ್ಟಿದ ರಸೀದಿ ನಿಮ್ಮ ಕೈಲಿರುತ್ತದೆ. ಆದರೆ ರಕ್ಷಣೆ ಇರುವುದು ಅನುಮಾನ.

ಯುರೋಪಿನ ನಿಯಮದಲ್ಲಿ ಒಂದು ಮೆಟ್ಟಿಲು ಇದೆ. ವಿಮಾನದ ಗರಿಷ್ಠ ತೂಕ 500 ಕೆಜಿಗಿಂತ ಕಮ್ಮಿ ಇದ್ದರೆ ಮೂರನೆಯವರಿಗೆ ಆಗುವ ಹಾನಿಗೆ ಕನಿಷ್ಠ ರಕ್ಷಣೆ 7.5 ಲಕ್ಷ ಎಸ್‌ಡಿಆರ್. 500 ತಲುಪಿದರೆ 15 ಲಕ್ಷ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. 450ರ ವಿಮಾನವನ್ನು ಒಪ್ಪಿಗೆ ಪಡೆದು 600ಕ್ಕೆ ಏರಿಸಿಕೊಂಡವರು ಖುಷಿಯಲ್ಲಿ ವಿಮೆಯನ್ನು ಮರೆತರೆ ಅಂದಿನಿಂದಲೇ ರಕ್ಷಣೆ ಅರ್ಧ.

## ಹಂತ 9: ಹೊರಡುವ ದಿನ ಏನನ್ನು ಜತೆಗೆ ಒಯ್ಯಬೇಕು

1944ರ ಷಿಕಾಗೊ ಒಪ್ಪಂದದ 29ನೇ ವಿಧಿ ಗಡಿ ದಾಟುವ ವಿಮಾನದಲ್ಲಿ ಇರಬೇಕಾದ ಕಾಗದ ಪಟ್ಟಿ ಮಾಡಿದೆ: ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಪತ್ರ, ಸಿಬ್ಬಂದಿಯ ಲೈಸೆನ್ಸ್, ಪ್ರಯಾಣದ ಲಾಗ್‌ಬುಕ್, ರೇಡಿಯೊ ಇದ್ದರೆ ಅದರ ಲೈಸೆನ್ಸ್, ಪ್ರಯಾಣಿಕರು ಇದ್ದರೆ ಅವರ ಹೆಸರು. ದೇಶದೊಳಗಿನ ಹಾರಾಟಕ್ಕೆ ನಿಮ್ಮ ದೇಶದ ಪಟ್ಟಿ ನೋಡಿ. ಹೊರಟ ಮೈದಾನಕ್ಕೇ ವಾಪಸ್ ಬರುವುದಾದರೆ ಕಾಗದ ನೆಲದಲ್ಲೇ ಬಿಡಲು ಬ್ರಿಟನ್‌ನಂಥ ದೇಶಗಳು ಒಪ್ಪುತ್ತವೆ.

ತೆರೆದ ಟ್ರೈಕ್‌ನಲ್ಲಿ ಕಾಗದ ಒಯ್ಯುವುದಾದರೆ ಜಿಪ್ ಹಾಕಿದ ಚೀಲದಲ್ಲೇ ಇರಲಿ, ಚೀಲಕ್ಕೆ ಹಗ್ಗ ಇರಲಿ. ಪ್ರೊಪೆಲ್ಲರ್ ಇರುವುದು ನಿಮ್ಮ ಬೆನ್ನ ಹಿಂದೆ. ಕೈಜಾರಿದ ನಕ್ಷೆ ಅಥವಾ ಕೈಗವಸು ನೇರ ಅದರೊಳಗೇ ಹೋಗುತ್ತದೆ. ಎಲ್ಲ ಕಾಗದದ ಫೋಟೊ ಫೋನಿನಲ್ಲಿ ಇರಲಿ, ಆದರೆ ಮೂಲದ ಬದಲು ಅದು ನಡೆಯುತ್ತದೆಯೇ ಎಂದು ಮುಂಚೆಯೇ ಕೇಳಿ.

ಹೊರಡುವ ಮುನ್ನ ಈಗಿನ ಆವೃತ್ತಿಯ ನಕ್ಷೆ, ಆ ದಿನದ ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆ ಸೂಚನೆ), ಹವಾಮಾನ ನೋಡಿ. ಇಳಿದ ಮೇಲೆ ಗಂಟೆಗಳನ್ನು ಅಂದೇ ಬರೆಯಿರಿ.

## ಹಂತ 10: ಗಡಿ ದಾಟುವುದಿದ್ದರೆ

ಪೂರ್ಣ ಯೋಗ್ಯತಾ ಪತ್ರವನ್ನು ಬೇರೆ ದೇಶಗಳು ಒಪ್ಪಬೇಕು ಎಂದು ಅದೇ ಒಪ್ಪಂದದ 33ನೇ ವಿಧಿ ಹೇಳುತ್ತದೆ. ಅಂತರರಾಷ್ಟ್ರೀಯ ಮಾನದಂಡ ಮುಟ್ಟದ ಪರ್ಮಿಟ್‌ಗೆ ಆ ಹಕ್ಕು ಇಲ್ಲ. ಆ ದೇಶ ಮೊದಲೇ ಸಾಮಾನ್ಯ ಒಪ್ಪಿಗೆ ಕೊಟ್ಟಿರಬೇಕು, ಇಲ್ಲವಾದರೆ ನೀವು ಬರೆದು ಕೇಳಬೇಕು. ಲೈಸೆನ್ಸಿಗೂ ಇದೇ ಕಥೆ. ಹಾರಾಟ ಯೋಜನೆ ಸಲ್ಲಿಸಿ, ವಿಮೆ ಆ ದೇಶಕ್ಕೂ ಹಬ್ಬುತ್ತದೆಯೇ ನೋಡಿ. ವಿಮಾನವನ್ನು ಕಂಟೇನರ್‌ನಲ್ಲಿ ಸಾಗಿಸುವುದಾದರೆ ಪ್ಯಾರಾಶೂಟ್‌ನ ರಾಕೆಟ್ ಅಪಾಯಕಾರಿ ಸರಕು ಎಂದು ಮೊದಲೇ ಘೋಷಿಸಬೇಕು.

## ಹಳೆಯ ವಿಮಾನ ಕೊಳ್ಳುವಾಗ ಎಚ್ಚರಿಕೆಯ ಗುರುತುಗಳು

ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಮೇಲಿನ ಹತ್ತು ಹಂತ ಗೊತ್ತಿದ್ದರೆ ಮಾತ್ರ ಈ ಗುರುತುಗಳು ಕಣ್ಣಿಗೆ ಬೀಳುತ್ತವೆ.

ಲಾಗ್‌ಬುಕ್ಕಿನಲ್ಲಿ ಹಲವು ವರ್ಷದ ನಮೂದುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಅವನ್ನು ಒಂದೇ ರಾತ್ರಿ ಬರೆದಿರಬಹುದು. ಎಂಜಿನ್ ಮೇಲಿನ ಸಂಖ್ಯೆ, ಲಾಗ್‌ಬುಕ್‌ನ ಸಂಖ್ಯೆ, ಪರ್ಮಿಟ್‌ನ ಮಾದರಿ ಮೂರನ್ನೂ ಟಾರ್ಚು ಹಿಡಿದು ನೀವೇ ಓದಿ, ಫೋಟೊ ತೆಗೆಯಿರಿ. ತೂಕದ ವರದಿಯ ದಿನಾಂಕ ಕೊನೆಯ ದೊಡ್ಡ ಬದಲಾವಣೆಗಿಂತ ಹಿಂದಿನದಾದರೆ ಆ ವರದಿ ಕಸ. ಮೀಟರ್ ತೋರಿಸುವ ಗಂಟೆಗೂ ಲಾಗ್‌ಬುಕ್ಕಿನ ಗಂಟೆಗೂ ಹೊಂದದಿದ್ದರೆ ಮೀಟರ್ ಬದಲಾದ ದಿನದ ನಮೂದು ಕೇಳಿ. ಪರ್ಮಿಟ್ ಮುಗಿದು ವರ್ಷಗಳಾದ ವಿಮಾನದಲ್ಲಿ ರೆಕ್ಕೆಯ ಬಟ್ಟೆ ಬಿಸಿಲಿಗೆ ಸತ್ತಿದೆಯೇ ಎಂಬ ಪರೀಕ್ಷೆಯನ್ನು ಹಣ ಕೊಡುವ ಮೊದಲೇ ತಪಾಸಣೆ ಮಾಡುವವರಿಂದ ಮಾಡಿಸಿ.

'ಕಾಗದ ಎಲ್ಲ ಮನೇಲಿದೆ, ಆಮೇಲೆ ಕಳಿಸ್ತೀನಿ' ಎಂದರೆ ಹಣವನ್ನೂ ಆಮೇಲೆ ಕಳಿಸಿ.